ಮೂಕಿ ಮೇಲೆ ಒಸಿ ಭಾರ

ಒಣಗಿದ ಎಲೆಯನ್ನು ಸಾಗಿಸುವ ಕಷ್ಟ ತೂಕದ್ದಲ್ಲ, ಗಾತ್ರದ್ದು. ದೊಡ್ಡ ಗೋಣಿಚೀಲಕ್ಕೆ ತುಳಿದು ತುಳಿದು ತುಂಬಿದರೂ ಆರೇಳು ಕಿಲೋ ದಾಟುವುದಿಲ್ಲ. ಆದರೆ ಆ ಚೀಲವನ್ನು ಸೈಕಲ್ ಕ್ಯಾರಿಯರ್ ಮೇಲೆ ಅಡ್ಡ ಕಟ್ಟಿದರೆ ಕಾಲು ಬೀಸಿ ಹತ್ತಲು ಜಾಗ ಉಳಿಯುವುದಿಲ್ಲ, ಪಕ್ಕದಿಂದ ಗಾಳಿ ಬೀಸಿತೆಂದರೆ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಗೊಬ್ಬರದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. ಅದೇ ಎಲೆ ಆರು ತಿಂಗಳು ಕೊಳೆತು ಕಪ್ಪಾದ ಮೇಲೆ ಅರ್ಧ ಚೀಲಕ್ಕೇ 30 ಕಿಲೋ ತೂಗುತ್ತದೆ. ಹೋಗುವಾಗ ಗೊಬ್ಬರ, ಬರುವಾಗ ಎಲೆ. ಎರಡನ್ನೂ ಹೊರುವ ಒಂದೇ ಗಾಡಿ ಬೇಕು, ಅದು ಪೆಟ್ರೋಲ್ ಕುಡಿಯಬಾರದು, ಮನೆಯ ಪಕ್ಕದ ಸಂದಿಯಲ್ಲಿ ತೂರಿ ಹಿತ್ತಲಿಗೆ ಹೋಗಬೇಕು, ನಾನಿಲ್ಲದಾಗ ತಾನೊಬ್ಬಳೇ ಓಡಿಸುವಂತಿರಬೇಕು. 2009ರ ಶಿವರಾತ್ರಿ ಕಳೆದ ಹೊಸತರಲ್ಲಿ ನನ್ನ ಹೆಂಡತಿ ಮುಂದಿಟ್ಟ ಷರತ್ತುಗಳು ಇವು.

ಮೈಸೂರಿನ ಸರಸ್ವತಿಪುರಂ ಕಡೆ ಓಡಾಡಿದವರಿಗೆ ಆ ದಿನಗಳ ರಸ್ತೆ ಗೊತ್ತು. ಫೆಬ್ರವರಿ ಕೊನೆಯಿಂದ ಯುಗಾದಿಯವರೆಗೆ ಹೊಂಗೆ, ಮಹಾಗನಿ, ಮಳೆಮರ ಎಲ್ಲವೂ ಒಂದರ ಹಿಂದೊಂದು ಎಲೆ ಉದುರಿಸುತ್ತವೆ. ಬೆಳಿಗ್ಗೆ ಗುಡಿಸಿ ಗುಡ್ಡೆ ಮಾಡಿದ್ದಕ್ಕೆ ಯಾರೋ ಕಡ್ಡಿ ಗೀರಿ ಹೋಗುತ್ತಾರೆ. ಆ ಹೊಗೆ ಹನ್ನೊಂದು ಗಂಟೆಯವರೆಗೂ ಬೀದಿ ಬಿಟ್ಟು ಕದಲುವುದಿಲ್ಲ. ನನ್ನ ಹೆಂಡತಿಗೆ ಅದು ಉಸಿರಿನ ತೊಂದರೆಗಿಂತ ಹೆಚ್ಚಾಗಿ ಹೊಟ್ಟೆಯ ಸಂಕಟ. ಎಲೆಯೆಂದರೆ ಅವಳಿಗೆ ಇಂಗಾಲ, ಸಗಣಿಯೆಂದರೆ ಸಾರಜನಕ. ಮೂವತ್ತು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಕೂಡಿದರೆ ರಾಶಿಯ ಒಡಲು 60 ಡಿಗ್ರಿವರೆಗೆ ಬಿಸಿಯೇರಿ, ಕಳೆಬೀಜ ಸತ್ತು, ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ. ಇದನ್ನು ಆಕೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಎರಡು ಬೀದಿ ಆಚೆ ಹಸು ಕಟ್ಟಿದ್ದವರ ಕೊಟ್ಟಿಗೆಯಿಂದ ಸಗಣಿ, ಬೀದಿಯಿಂದ ಎಲೆ, ತಯಾರಾದ ಗೊಬ್ಬರ ಪರಿಚಯದವರ ಕೈತೋಟಗಳಿಗೆ. ಎಲ್ಲವೂ ನಾಲ್ಕು ಕಿಲೋಮೀಟರಿನ ಒಳಗಿನ ವ್ಯವಹಾರ. ಆಟೋಕ್ಕೆ ಕೊಡುವ ಬಾಡಿಗೆ ಗೊಬ್ಬರದ ಬೆಲೆಯನ್ನೇ ಮೀರುತ್ತಿತ್ತು.

ಸೈಕಲ್ಲಿನಲ್ಲಿ ಹೊರೆ ಹೊರುವುದು ನಮ್ಮ ಊರುಗಳಿಗೆ ಹೊಸದೇನಲ್ಲ. ಕ್ಯಾರಿಯರ್‌ನ ಎರಡೂ ಬದಿಗೆ ಕೊಕ್ಕೆ ಬಿಗಿದು ಗ್ಯಾಸ್ ಸಿಲಿಂಡರ್ ನೇತುಹಾಕಿಕೊಂಡು ಬರುವವರನ್ನು ನೋಡಿಯೇ ಬೆಳೆದವರು ನಾವು. ಒಳಗಿನ ಅನಿಲ 14.2 ಕಿಲೋ, ಕಬ್ಬಿಣದ ಬುರುಡೆಯೂ ಹೆಚ್ಚುಕಡಿಮೆ ಅಷ್ಟೇ. ಬದಿಗೊಂದು ಅಂತ ಎರಡು ತುಂಬಿದ ಸಿಲಿಂಡರ್ ಎಂದರೆ 60 ಕಿಲೋ. ಎಳನೀರಿನ ಗೊನೆಗಳನ್ನು ಇಳಿಬಿಟ್ಟುಕೊಂಡು ಪೆಡಲು ತುಳಿಯದೆ ತಳ್ಳಿಕೊಂಡೇ ಊರು ಸುತ್ತುವವರು, ಹಾಲಿನ ಕ್ಯಾನಿನವರು, ಸೊಪ್ಪಿನವರು, ಇವರೆಲ್ಲರ ಮೈಬಲದ ಬಗ್ಗೆ, ಅದಕ್ಕಿಂತ ಅವರ ಸಮತೋಲದ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಹೊರೆಯ ನಿಜವಾದ ಪರೀಕ್ಷೆ ಓಡುವಾಗ ಅಲ್ಲ, ನಿಲ್ಲುವಾಗ. ಸಿಗ್ನಲ್ಲಿನಲ್ಲಿ ಕಾಲೂರಿದ ಕ್ಷಣ ಅಷ್ಟೂ ಭಾರ ಒಂದು ಕಾಲಿನ ಮೇಲೆ ವಾಲಲು ಹೊಂಚುತ್ತದೆ. ವರ್ಷಗಟ್ಟಲೆ ಅದೇ ಕೆಲಸ ಮಾಡಿದವರು ತಡೆಯುತ್ತಾರೆ. ನನ್ನ ಹೆಂಡತಿಯ ತೂಕವೇ 48 ಕಿಲೋ. ಹಿಂದೆ ತನ್ನ ಪಾಡಿಗೆ ತಾನು ಎರಡು ಗಾಲಿಯ ಮೇಲೆ ನಿಂತಿರುವ ಗಾಡಿಯಾದರೆ ಸೈಕಲ್ ನಿಂತಾಗ ಅದರ ಭಾರ ಯಾರ ಮೇಲೂ ಬೀಳುವುದಿಲ್ಲ. ಟ್ರೈಲರ್ ಕಟ್ಟುವುದೆಂದು ತೀರ್ಮಾನಿಸಿದ್ದು ಈ ಒಂದೇ ಕಾರಣಕ್ಕೆ.

ನಾನು ಓದಿದ್ದು, ಪಾಠ ಹೇಳಿದ್ದು ಭೌತಶಾಸ್ತ್ರ. ಆದ್ದರಿಂದ ಮೊದಲು ಲೆಕ್ಕ ಹಾಕಿದೆ. ಗಾಳಿ ತುಂಬಿದ ಟೈರಿನ ಮೇಲೆ ನೂರು ಕಿಲೋ ಭಾರವನ್ನು ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಉರುಳಿಸಿಕೊಂಡು ಹೋಗಲು ಬೇಕಾದ ಎಳೆತ ಒಂದು ಕಿಲೋ ಆಸುಪಾಸು. ಬೆರಳಿಗೆ ಸಿಕ್ಕಿಸಿಕೊಂಡ ತರಕಾರಿ ಚೀಲದಷ್ಟು. ಅದೇ ರಸ್ತೆ ನೂರು ಅಡಿಗೆ ಐದು ಅಡಿ ಏರಿದರೆ, ಅದರ ಮೇಲೆ ಇನ್ನೂ ಐದು ಕಿಲೋ. ಅಂದರೆ ಗಾಡಿ ಎಳೆಯುವವನ ಎದುರಾಳಿ ಭಾರವಲ್ಲ, ಏರು. ನಾನು 60 ಕಿಲೋ, ಸೈಕಲ್ 20, ಗಾಡಿ 15, ಹೊರೆ 40, ಒಟ್ಟು 135. ದಿನವೂ ಸೈಕಲ್ ತುಳಿಯುವ ಸಾಧಾರಣ ಮನುಷ್ಯನ ಕಾಲು ಎಡೆಬಿಡದೆ ಕೊಡಬಲ್ಲ ಶಕ್ತಿ ನೂರು ವ್ಯಾಟ್ ಎಂದಿಟ್ಟುಕೊಂಡರೆ ಆ ಏರಿನಲ್ಲಿ ನಮ್ಮ ವೇಗ ಗಂಟೆಗೆ ನಾಲ್ಕೂವರೆ ಕಿಲೋಮೀಟರ್. ಇಳಿದು ತಳ್ಳಿದರೂ ಅಷ್ಟೇ. ಹಾಗಾಗಿ ಏರು ಬಂದ ಕಡೆ ಇಳಿದು ತಳ್ಳುವುದೆಂದು ಮೊದಲೇ ನಿಶ್ಚಯಿಸಿಕೊಂಡೆವು. ಗೇರಿನ ಸೈಕಲ್ ಕೊಳ್ಳುವ ಯೋಚನೆ ಅಲ್ಲಿಗೆ ಮುಗಿಯಿತು. ಮನೆಯಲ್ಲಿದ್ದ ಹಳೆಯ ಕಪ್ಪು ಹರ್ಕ್ಯುಲಿಸ್ಸೇ ಸಾಕು, ಹಿಂದಿನ ಫ್ರೀವೀಲ್ ಮಾತ್ರ ನಾಲ್ಕು ಹಲ್ಲು ದೊಡ್ಡದು ಹಾಕಿಸಿದರಾಯಿತು.

ಲೆಕ್ಕದ ಹಾಳೆಯನ್ನು ಅಪ್ಪನ ಮುಂದೆ ಹಿಡಿದೆ. ಅಪ್ಪ ಆಗ ನಮ್ಮ ಜೊತೆಗೇ ಇದ್ದ. ಮಂಡ್ಯ ತಾಲೂಕಿನ ನಮ್ಮೂರಿನ ಹೊಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತಿತ್ತು, ಬೆಳೆಯುತ್ತಿದ್ದುದು ಕಬ್ಬು, ಸಾಗಿಸುತ್ತಿದ್ದುದು 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಕಾರ್ಖಾನೆಗೆ. ಅಪ್ಪ ವಯಸ್ಸಿಗೆ ಬಂದಾಗಿನಿಂದ ನಲವತ್ತು ದಾಟುವವರೆಗೂ ಸುಗ್ಗಿಯ ರಾತ್ರಿಗಳನ್ನು ಕಾರ್ಖಾನೆಯ ಮುಂದಿನ ಗಾಡಿಸಾಲಿನಲ್ಲಿ ಕಳೆದವನು. ಅವನು ಹಾಳೆ ನೋಡಲಿಲ್ಲ. ಭಾರ ಎಲ್ಲಿ ಕೂರುತ್ತೆ ಅಂತ ಕೇಳಿದ. ಗಾಲಿಯ ಮೇಲೆ ಸರಿಯಾಗಿ ನಡುವಿಗೆ, ಎಂದೆ. ತಲೆಯಾಡಿಸಿದ.

"ಮುಂದ್ಕೆ ಹೇರುದ್ರೆ ಎತ್ತಿನ ಕತ್ತು ಊದ್ಕತದೆ. ಹಿಂದ್ಕೆ ಹೇರುದ್ರೆ ನೊಗ ಮ್ಯಾಕ್ಕೆದ್ದು ಕೊರಳ ಹಗ್ಗ ಗಂಟ್ಲು ಹಿಸುಕ್ತದೆ. ಸಮಕ್ಕೆ ಹೇರುದ್ರೂ ಆಗಕಿಲ್ಲ, ಹಳ್ಳ ಸಿಕ್ಕಿದ್ ಕಡೆಯೆಲ್ಲ ನೊಗ ಕುಣೀತದೆ. ಮೂಕಿ ಮ್ಯಾಲೆ ಒಸಿ ಭಾರ ಇರ್ಬೇಕು ಕಣಪ್ಪ. ಒಸಿ ಅಂದ್ರೆ ಒಸಿಯೇ."

ಕಬ್ಬು ಹೇರಿದ ಮೇಲೆ ಎತ್ತು ಹೂಡುವ ಮೊದಲು ಅವನು ಮೂಕಿಯ, ಅಂದರೆ ನೊಗ ಕಟ್ಟುವ ಮುಂಗೋಲಿನ, ತುದಿಗೆ ಹೆಗಲು ಕೊಟ್ಟು ಒಮ್ಮೆ ಎತ್ತಿ ನೋಡುತ್ತಿದ್ದುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಎತ್ತಲಾಗದಿದ್ದರೆ ಮುಂದಿನ ನಾಲ್ಕು ಹೊರೆ ಹಿಂದಕ್ಕೆ. ತಾನಾಗಿ ಮೇಲೆದ್ದರೆ ಹಿಂದಿನವು ಮುಂದಕ್ಕೆ. ಅದನ್ನು ನಾನು ಗಾಡಿ ಕಟ್ಟುವವರ ಅಭ್ಯಾಸ ಎಂದುಕೊಂಡಿದ್ದೆ, ಮಾಪನ ಎಂದುಕೊಂಡಿರಲಿಲ್ಲ. ಬೆಂಗಳೂರಿನ ಐಐಎಂ ಕಟ್ಟಿ ಅದರ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗೆಂದು ವರ್ಷಾನುಗಟ್ಟಲೆ ದುಡಿದವರು; ನೊಗದಿಂದ ಎತ್ತಿನ ಕತ್ತಿಗಾಗುವ ಹಿಂಸೆಯನ್ನು ದೇಶದ ಗಮನಕ್ಕೆ ತಂದವರು. ಆ ಕಾಲದಲ್ಲಿ ಅವರ ಮಾತುಗಳನ್ನು ಪತ್ರಿಕೆಗಳಲ್ಲಿ ಓದುವಾಗ ನಾನು ಗಾಡಿಯ ಗಾಲಿಯನ್ನೇ ಯೋಚಿಸುತ್ತಿದ್ದೆ. ಅಪ್ಪನ ಮಾತು ಕೇಳಿದ ಮೇಲೆ ಕಣ್ಣು ಗಾಲಿಯಿಂದ ಕೊಂಡಿಯ ಕಡೆ ಹೊರಳಿತು. ಎಳೆಯುವ ಜೀವಕ್ಕೂ ಹೊರೆಗೂ ನಡುವೆ ಇರುವ ಆ ಒಂದು ಜಾಗದಲ್ಲೇ ಗಾಡಿಯ ಒಳ್ಳೆಯದು ಕೆಟ್ಟದ್ದೆಲ್ಲ ತೀರ್ಮಾನವಾಗುತ್ತದೆ ಎಂಬುದು ನನ್ನ ನಂಬಿಕೆ. ಉಳಿದದ್ದೆಲ್ಲ ಕಬ್ಬಿಣದ ಕೆಲಸ.

ಕಬ್ಬಿಣದ ಕೆಲಸ ನಡೆದದ್ದು ಮಂಡಿ ಮೊಹಲ್ಲಾದಲ್ಲಿ. ಗ್ರಿಲ್, ಗೇಟು, ತಳ್ಳುಗಾಡಿ ಮಾಡಿಕೊಡುತ್ತಿದ್ದ ವೆಲ್ಡಿಂಗ್ ಭಾಯಿಯೊಬ್ಬರ ಅಂಗಡಿ. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಹಾಗಾಗಿ ನಾನು ಅವರಿಗೆ ಮೇಷ್ಟ್ರು. ಸ್ಕ್ವೇರ್ ಪೈಪು ಮಾರುವುದು ಲೆಂತಿನ ಲೆಕ್ಕದಲ್ಲಿ, ಒಂದು ಲೆಂತಿಗೆ 20 ಅಡಿ. ಒಂದು ಲೆಂತಿನಲ್ಲಿ ಚೌಕಟ್ಟು ಮುಗಿಯಬೇಕು ಎಂಬುದು ನಾನೇ ಹಾಕಿಕೊಂಡ ಮಿತಿ. ಒಂದಿಂಚಿನ ಚೌಕದ 16 ಗೇಜಿನ ಪೈಪು. ಮೂರಡಿ ಉದ್ದ ಎರಡಡಿ ಅಗಲದ ಹಾಸಿಗೆಗೆ ಸುತ್ತ ಹತ್ತು ಅಡಿ, ನಡುವಿನ ಅಡ್ಡಪಟ್ಟಿಗೆ ಎರಡು. ಗಾಲಿಗಳ ಹೊರಮಗ್ಗುಲಿಗೆ ಎರಡಡಿಯ ಪೈಪು ಒಂದೊಂದು, ಅವನ್ನು ಹಾಸಿಗೆಗೆ ಸೇರಿಸುವ ನಾಲ್ಕಿಂಚಿನ ತುಂಡುಗಳು ನಾಲ್ಕು. ಹದಿನೇಳು ಅಡಿ ನಾಲ್ಕಿಂಚು. ಮಿಕ್ಕಿದ್ದು ಮೂಲೆಗಳಿಗೆ ಒತ್ತು ಕೊಡಲು. ಕಾಗದದ ಮೇಲೆ ಚೌಕಟ್ಟಿನ ಅಗಲ ಎರಡು ಅಡಿ ಹತ್ತಿಂಚು ಬಂತು. ನಮ್ಮ ಸಂದಿ ಮೂರಡಿ. ಹೆಂಡತಿ ಟೇಪು ಹಿಡಿದು ಸಂದಿಯನ್ನು ಮತ್ತೊಮ್ಮೆ ಅಳೆದು, ನಲ್ಲಿಯ ಪೈಪು ಗೋಡೆಯಿಂದ ಒಂದಿಂಚು ಮುಂದಕ್ಕಿದೆ ಎಂಬುದನ್ನೂ ಸೇರಿಸಿ ಆಮೇಲೆ ಒಪ್ಪಿದಳು.

ಗಾಲಿಯ ಹೊರಮಗ್ಗುಲಿಗೂ ಪೈಪು ಯಾಕೆ ಎಂದು ಭಾಯಿ ಕೇಳಿದರು. ಅವರು ಮಾಡುವ ತಳ್ಳುಗಾಡಿಯ ಅಚ್ಚು ದಪ್ಪ, ಒಂದು ಮಗ್ಗುಲಲ್ಲಿ ಹಿಡಿದರೆ ಸಾಕು. ಸೈಕಲ್ಲಿನ ಆಕ್ಸಲ್ ಹಾಗಲ್ಲ. ಕಿರುಬೆರಳಿಗಿಂತ ಸಣ್ಣದು, ಎರಡೂ ತುದಿಯನ್ನು ಹಿಡಿದುಕೊಳ್ಳಲೆಂದೇ ಮಾಡಿದ್ದು. ಒಂದೇ ತುದಿಯಲ್ಲಿ ಹಿಡಿದರೆ ಮೊದಲ ಗುಂಡಿಯಲ್ಲೇ ಬಾಗುತ್ತದೆ. ಅದಕ್ಕೇ ಗಾಲಿಯ ಒಳಗೂ ಹೊರಗೂ ಐದು ಮಿಲಿಮೀಟರಿನ ಪಟ್ಟಿಯಲ್ಲಿ ಕಚ್ಚು ಕೊಯ್ದು, ಕಚ್ಚಿನ ಬಾಯಿ ಕೆಳಮುಖವಾಗಿರುವಂತೆ ಕೂರಿಸಿದೆವು. ನಟ್ ಸಡಿಲಿಸಿ ಗಾಡಿ ಎತ್ತಿದರೆ ಗಾಲಿ ತಾನಾಗಿ ಕೆಳಗೆ ಬರುತ್ತದೆ; ಪಂಚರ್ ಆದಾಗ ಅಷ್ಟೇ ಸಾಕು.

ಗಾಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಟ್ರೈಲರ್ ಕಟ್ಟುವವರಲ್ಲಿ ಬಹಳ ಜನ ದೊಡ್ಡ ಗಾಲಿಯೇ ಗಟ್ಟಿ ಎಂದುಕೊಳ್ಳುತ್ತಾರೆ. ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ. ವಾಲುವುದರಿಂದ ಭಾರ ಯಾವಾಗಲೂ ಗಾಲಿಯ ನೇರಕ್ಕೇ ಬೀಳುತ್ತದೆ, ಕಡ್ಡಿಗಳಿಗೆ ಅಡ್ಡಒತ್ತಡ ಅಷ್ಟಾಗಿ ತಾಗುವುದಿಲ್ಲ. ಎರಡು ಗಾಲಿಯ ಗಾಡಿ ವಾಲುವುದಿಲ್ಲ. ತಿರುವಿನಲ್ಲಿ ಹೊರೆ ಹೊರಕ್ಕೆ ನೂಕುವುದನ್ನೆಲ್ಲ ಅದರ ಗಾಲಿ ಮಗ್ಗುಲಿನಿಂದ ತಡೆಯಬೇಕು. ಕಡ್ಡಿಗಾಲಿ ಮಗ್ಗುಲಿನಲ್ಲಿ ದುರ್ಬಲ. ಗಾಲಿ ದೊಡ್ಡದಾದಷ್ಟೂ ದುರ್ಬಲ. ನಮ್ಮ ಹರ್ಕ್ಯುಲಿಸ್ಸಿನ 28 ಇಂಚಿನ ಗಾಲಿ ಹಾಕಿದ್ದರೆ ಬೇಗನೆ ಬೆಂಡಾಗುತ್ತಿತ್ತು. ಮಕ್ಕಳ ಸೈಕಲ್ಲಿನ 20 ಇಂಚಿನ ಗಾಲಿ ಎರಡು ಗುಜರಿಯಲ್ಲಿ ಸಿಕ್ಕವು. ಹಬ್ ಬಿಚ್ಚಿ, ಹಳೇ ಗುಂಡು ತೆಗೆದು ಹೊಸದು ಹಾಕಿ, ಗ್ರೀಸ್ ತುಂಬಿ, ಸೈಕಲ್ ಶಾಪಿನಲ್ಲಿ ಬೆಂಡು ತೆಗೆಸಿದೆವು. ಚಿಕ್ಕ ಗಾಲಿಯ ಇನ್ನೊಂದು ಲಾಭ, ಆಕ್ಸಲ್ಲಿನ ಮಟ್ಟ ನೆಲದಿಂದ ಹತ್ತಿಂಚು ಅಷ್ಟೇ. ಹಾಸಿಗೆಯನ್ನು ಗಾಲಿಯ ಮೇಲಲ್ಲ, ಗಾಲಿಗಳ ನಡುವೆ ಆಕ್ಸಲ್ಲಿನ ಮಟ್ಟಕ್ಕೇ ಕೂರಿಸಿದರೆ 40 ಕಿಲೋ ಗೊಬ್ಬರ ನೆಲಕ್ಕೆ ಹತ್ತಿರ ಮಲಗಿರುತ್ತದೆ. ಅಂಥ ಗಾಡಿ ಉರುಳುವುದು ಕಷ್ಟ.

ಚೌಕಟ್ಟಿಗೆ ಮೊದಲು ಟಾಕು ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಒಂದೇ ಅಳತೆ ಬರುವವರೆಗೂ ಭಾಯಿ ಸುತ್ತಿಗೆಯಲ್ಲಿ ತಟ್ಟುತ್ತಿದ್ದರು. ಎರಡು ಗಾಲಿ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಗಾಡಿ ಉರುಳುವುದಿಲ್ಲ, ಉಜ್ಜುತ್ತದೆ. ಟೈರು ತಿಂಗಳಲ್ಲಿ ಸವೆಯುತ್ತದೆ. ಗಾಲಿಯ ಮುಂದಿನ ಅಂಚುಗಳ ನಡುವಿನ ಅಂತರ, ಹಿಂದಿನ ಅಂಚುಗಳ ನಡುವಿನ ಅಂತರ ಎರಡನ್ನೂ ನೂಲು ಹಿಡಿದು ಅಳೆದು ಒಂದೇ ಬಂದ ಮೇಲೆ ಪೂರ್ತಿ ಬೆಸುಗೆ ಹಾಕಿದರು. ಆಕ್ಸಲ್ಲನ್ನು ಹಾಸಿಗೆಯ ನಡುವಿಗಿಂತ ನಾಲ್ಕಿಂಚು ಹಿಂದಕ್ಕೆ ಇಟ್ಟಿದ್ದೆವು. ಅಪ್ಪನ 'ಒಸಿ'ಯ ಅಳತೆ ಅದು. ಎಳೆಕೊಂಡಿ ಆಕ್ಸಲ್ಲಿನಿಂದ ನಾಲ್ಕೂವರೆ ಅಡಿ ಮುಂದಿದ್ದರೆ 40 ಕಿಲೋ ಹೊರೆಯಲ್ಲಿ ಸುಮಾರು ಮೂರು ಕಿಲೋ ಕೊಂಡಿಯ ಮೇಲೆ ಬೀಳುತ್ತದೆ, ಎಳೆಗೋಲಿನ ಸ್ವಂತ ತೂಕ ಇನ್ನೊಂದು ಕಿಲೋ. ಹೊರೆಯ ಹತ್ತನೆಯ ಒಂದು ಪಾಲು. ಗುಜರಿಯವರ ಸ್ಪ್ರಿಂಗ್ ತಕ್ಕಡಿಯನ್ನು ಎಳೆಗೋಲಿನ ತುದಿಗೆ ಸಿಕ್ಕಿಸಿ ಎತ್ತಿದಾಗ ಮುಳ್ಳು ನಾಲ್ಕರ ಹತ್ತಿರ ನಿಂತಿತು. ಅಪ್ಪನನ್ನು ಆ ದಿನ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವನು ತಕ್ಕಡಿ ಬಿಚ್ಚಿಸಿ ಕೈಯಲ್ಲಿ ಎತ್ತಿ ನೋಡಿ, "ಸರ್ಯಾಗದೆ" ಎಂದ.

ಇನ್ನು ಕೊಂಡಿ. ಮೂರು ಬಗೆಯ ತಿರುಗಾಟಕ್ಕೆ ಅದು ಎಡೆ ಕೊಡಬೇಕು. ಸೈಕಲ್ ಎಡಕ್ಕೆ ಬಲಕ್ಕೆ ತಿರುಗುವುದು, ಹಂಪಿನಲ್ಲಿ ಮುಂದಿನದು ಏರಿ ಹಿಂದಿನದು ಇಳಿಯುವುದು, ಸೈಕಲ್ ಮಗ್ಗುಲಿಗೆ ವಾಲುವುದು. ಸೈಕಲ್ ನೆಲಕ್ಕೆ ಬಿದ್ದರೂ ಗಾಡಿ ನೆಟ್ಟಗೆ ನಿಂತಿರಬೇಕು. ಇಷ್ಟೆಲ್ಲ ಸಡಿಲ ಬೇಕು, ಆದರೆ ಎಳೆಯುವ ನೇರಕ್ಕೆ ಒಂದು ನೂಲಿನಷ್ಟೂ ಸಡಿಲ ಇರಬಾರದು. ಕಾಲು ತುಳಿಯುವುದು ಒಂದೇ ಸಮನೆ ಅಲ್ಲ. ಪೆಡಲ್ ಮೇಲಿಂದ ಕೆಳಗೆ ಬರುವಾಗ ಎಳೆತ ಜಾಸ್ತಿ, ನೆತ್ತಿ ದಾಟುವಾಗ ಇಲ್ಲವೇ ಇಲ್ಲ. ಕೊಂಡಿಯಲ್ಲಿ ಸಂದು ಇದ್ದರೆ ಪ್ರತಿ ತುಳಿತಕ್ಕೂ ಗಾಡಿ ಒಮ್ಮೆ ಹಿಂದೆ ಬೀಳುತ್ತದೆ, ಒಮ್ಮೆ ಬಂದು ಗುದ್ದುತ್ತದೆ. ಅರ್ಧ ಕಿಲೋಮೀಟರಿನಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ.

ಎಲ್ಲಿ ಸಿಕ್ಕಿಸುವುದು ಎಂಬುದು ಮೊದಲ ಪ್ರಶ್ನೆ. ಸೀಟಿನ ಕೆಳಗಿನ ಕಂಬಕ್ಕೆ ಸಿಕ್ಕಿಸುವುದು ಸುಲಭ, ಎಳೆಗೋಲು ನೇರವಾಗಿಯೇ ಇರಬಹುದು. ಆದರೆ ಅದು ನೆಲದಿಂದ ಎರಡೂವರೆ ಅಡಿ ಮೇಲೆ. ಬ್ರೇಕ್ ಹಿಡಿದಾಗ ಗಾಡಿ ಅಲ್ಲಿಗೇ ನೂಕುತ್ತದೆ, ಸೈಕಲ್ಲಿನ ಹಿಂಭಾಗ ಹಗುರಾಗಿ ಜಾರುತ್ತದೆ. ಹಿಂದಿನ ಗಾಲಿಯ ಆಕ್ಸಲ್ ಒಂದು ಅಡಿ ಚಿಲ್ಲರೆ ಎತ್ತರದಲ್ಲಿದೆ. ನೂಕುವುದೂ ಎಳೆಯುವುದೂ ಅಲ್ಲಿಯೇ ಆಗಲಿ ಎಂದು ಆಕ್ಸಲ್ಲಿನ ಎಡತುದಿಯನ್ನೇ ಆರಿಸಿಕೊಂಡೆವು. ಬಲಕ್ಕೆ ಚೈನು ಇದೆ, ಆದ್ದರಿಂದ ಎಡವೇ ಗತಿ ಎನ್ನಬಹುದು. ಆದರೆ ನಮ್ಮ ದೇಶದ ರಸ್ತೆಗೆ ಎಡವೇ ಅನುಕೂಲ ಎಂಬುದು ಚಿತ್ರ ಬರೆದಾಗ ಕಂಡು ನನಗೆ ತುಂಬಾ ಖುಷಿಯಾಯಿತು. ಕೊಂಡಿ ಎಡಕ್ಕಿದ್ದರೆ ಎಡತಿರುವಿನಲ್ಲಿ ಎಳೆಗೋಲು ಸೈಕಲ್ಲಿನ ಗಾಲಿಯಿಂದ ದೂರ ಸರಿಯುತ್ತದೆ, ಗಾಡಿ ಎಷ್ಟು ಬೇಕಾದರೂ ಮಡಚಿಕೊಳ್ಳಬಹುದು. ಬಲತಿರುವಿನಲ್ಲಿ ಎಳೆಗೋಲು ಟೈರಿನ ಕಡೆ ಬರುತ್ತದೆ, ಅಲ್ಲಿಗೆ ಮಿತಿ. ಎಡಬದಿಯಲ್ಲಿ ಚಲಿಸುವ ನಾವು ಬಿಗಿಯಾಗಿ ತಿರುಗುವುದು ಎಡಕ್ಕೇ. ಬಲಕ್ಕೆ ತಿರುಗುವಾಗ ಇಡೀ ರಸ್ತೆ ದಾಟಿ ಅಗಲಕ್ಕೆ ತಿರುಗುತ್ತೇವೆ. ಎಳೆಗೋಲಿನ ಜಿಐ ಪೈಪನ್ನು ಭಾಯಿ ಮರಳು ತುಂಬಿ ಕಾಯಿಸಿ, ಟೈರನ್ನು ಬಳಸಿಕೊಂಡು ಹೋಗುವಂತೆ ಎಡಕ್ಕೆ ಬಗ್ಗಿಸಿದರು. ಮರಳು ಇಲ್ಲದಿದ್ದರೆ ಬಾಗಿದ ಕಡೆ ಪೈಪು ಚಪ್ಪಟೆಯಾಗುತ್ತದೆ.

ಕೊಂಡಿಗೆ ಮೊದಲು ಬಳಸಿ ನೋಡಿದ್ದು ಲಾರಿಯ ರೇಡಿಯೇಟರಿನ ದಪ್ಪ ರಬ್ಬರ್ ಪೈಪು. ಒಳಗೆ ಬಟ್ಟೆಯ ಪದರ ಇರುವುದರಿಂದ ಹರಿಯುವುದಿಲ್ಲ, ಎಲ್ಲ ದಿಕ್ಕಿಗೂ ಬಾಗುತ್ತದೆ, ಸದ್ದಿಲ್ಲ. ಎಲೆ ಹೊತ್ತಾಗ ಅದು ಬಹಳ ಸೊಗಸಾಗಿ ಓಡಿತು. ಗೊಬ್ಬರ ಹೇರಿದಾಗ ಅದರ ಗುಣ ಬೇರೆಯಾಯಿತು; ಬ್ರೇಕ್ ಹಿಡಿದರೆ ರಬ್ಬರು ಮಡಚಿಕೊಂಡು ಗಾಡಿ ಮಗ್ಗುಲಿಗೆ ಬಂದು ನಿಲ್ಲುತ್ತಿತ್ತು. ಹಗುರ ಹೊರೆಗೆ ಇಂದಿಗೂ ನಾನು ಅದನ್ನೇ ಹೇಳುತ್ತೇನೆ. ಖರ್ಚಿಲ್ಲ, ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಭಾರಕ್ಕೆ ಉತ್ತರ ಕೊಟ್ಟವರು ಭಾಯಿ. ಗುಜರಿ ರಾಶಿಯಿಂದ ಹಳೆಯ ಅಂಬಾಸಿಡರ್ ಕಾರಿನ ಟೈರಾಡ್ ಎಂಡ್ ಒಂದನ್ನು ಹೆಕ್ಕಿ ತಂದು ನನ್ನ ಅಂಗೈ ಮೇಲೆ ಇಟ್ಟರು. "ಮೇಷ್ಟ್ರೆ, ಒಂದು ಟನ್ ಕಾರು ಇದರ ಮಾತು ಕೇಳುತ್ತೆ. ನಿಮ್ಮ ಗೊಬ್ಬರ ಕೇಳಲ್ವಾ?" ಸ್ಟೀರಿಂಗಿನ ತಿರುಗಾಟವನ್ನು ಮುಂದಿನ ಗಾಲಿಗೆ ಮುಟ್ಟಿಸುವ ಕೀಲು ಅದು. ಬಟ್ಟಲಿನೊಳಗೆ ಉಕ್ಕಿನ ಗುಂಡು, ಗುಂಡಿಗೆ ಒಂದು ಮೊಳೆ. ಸುತ್ತ ತಿರುಗುತ್ತದೆ, ಇಪ್ಪತ್ತು ಡಿಗ್ರಿಯಷ್ಟು ಅತ್ತಿತ್ತ ವಾಲುತ್ತದೆ, ಎಳೆತದ ನೇರಕ್ಕೆ ಕೂದಲೆಳೆಯಷ್ಟೂ ಸಡಿಲವಿಲ್ಲ. ನನಗೆ ಬೇಕಾದದ್ದೆಲ್ಲ ಅದರಲ್ಲಿತ್ತು, ಒಂದರ ಹೊರತು. ಸೈಕಲ್ ಪೂರ್ತಿ ಮಲಗಿದರೆ ಇಪ್ಪತ್ತು ಡಿಗ್ರಿ ಸಾಲದು, ಮೊಳೆ ಮುರಿಯುತ್ತದೆ. ಅದಕ್ಕೆ ಎಳೆಗೋಲನ್ನು ಇನ್ನೊಂದು ಪೈಪಿನ ಒಳಗೆ ತೂರಿಸಿ, ಒಳಗಿನದು ಹೊರಗಿನದರಲ್ಲಿ ಸುತ್ತ ತಿರುಗುವಂತೆ, ಆದರೆ ಕಳಚಿ ಬರದಂತೆ ಎರಡು ಕಡೆ ಬಳೆ ಬೆಸೆದು ಮಾಡಿದೆವು. ತಿರುಗುವುದೂ ಏರಿಳಿಯುವುದೂ ಟೈರಾಡಿಗೆ, ಮಗ್ಗುಲಿಗೆ ವಾಲುವುದು ಪೈಪಿಗೆ. ಟೈರಾಡಿನ ಮೊಳೆ ತುದಿಗೆ ಹೋಗುತ್ತಾ ಸಣ್ಣಗಾಗುವಂಥದು. ಅದಕ್ಕೆ ಒಪ್ಪುವ ತೂತನ್ನು ಲೇತ್ ಕೆಲಸದವರಲ್ಲಿ ತಿರುವಿಸಬೇಕಾಯಿತು. ಸೈಕಲ್ಲಿನ ಆಕ್ಸಲ್ಲಿಗೆ ಆಗಲೇ ಸ್ಟ್ಯಾಂಡಿನ ಕಾಲು, ಮಡ್‌ಗಾರ್ಡ್ ಕಡ್ಡಿ, ಕ್ಯಾರಿಯರ್ ಪಟ್ಟಿ ಎಲ್ಲ ಸಾಲಾಗಿ ಕೂತಿದ್ದವು. ಕೊಂಡಿಯ ಪಟ್ಟಿಗೆ ಜಾಗ ಮಾಡಲು ಅರ್ಧ ಇಂಚು ಹೆಚ್ಚು ಉದ್ದದ ಆಕ್ಸಲ್ ಹುಡುಕಿ ಹಾಕಿಸಿದೆವು. ಇಷ್ಟಾದ ಮೇಲೂ ಒಂದು ವೇಳೆ ಕೊಂಡಿ ಬಿಟ್ಟರೆ ಇರಲಿ ಎಂದು ಕಾರಿನ ಸೀಟ್ ಬೆಲ್ಟಿನ ಪಟ್ಟಿಯೊಂದನ್ನು ಎಳೆಗೋಲಿನಿಂದ ಸೈಕಲ್ ಚೌಕಟ್ಟಿಗೆ ಸುತ್ತಿ ಕಟ್ಟುತ್ತಿದ್ದೆವು. ಅದನ್ನು ಕಟ್ಟದೆ ಗಾಡಿ ಹೊರಡಿಸಬಾರದು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಎಲೆಯ ಗಾತ್ರಕ್ಕೆ ಪರಿಹಾರ ಬಿದಿರಿನಲ್ಲಿ ಸಿಕ್ಕಿತು. ಬಂಬೂ ಬಜಾರಿನ ಮೇದರ ಅಜ್ಜಿಯೊಬ್ಬರಿಗೆ ಹಾಸಿಗೆಯ ಅಳತೆ ಕೊಟ್ಟು ಮೂರಡಿ ಎತ್ತರದ ತಟ್ಟಿ ನಾಲ್ಕು ಬೇಕು ಎಂದೆ. ಅವರು ಗಾಡಿಯನ್ನೇ ತರಲು ಹೇಳಿದರು. ಸುತ್ತ ಒಮ್ಮೆ ಬಂದು ನೋಡಿ, ನೇರ ನಿಲ್ಲಿಸಿದರೆ ಎಲೆ ತುಂಬಿದಾಗ ಹೊಟ್ಟೆ ಉಬ್ಬಿ ಗಾಲಿಗೆ ಉಜ್ಜುತ್ತದೆ, ಕೆಳಗೆ ಕಿರಿದು ಮೇಲೆ ಅಗಲ ಇರಲಿ ಎಂದರು. ಅಗಲವಾದದ್ದು ಗಾಲಿಯ ಎತ್ತರ ದಾಟಿದ ಮೇಲೆ. ಹಾಸಿಗೆಯ ನಾಲ್ಕು ಮೂಲೆಯಲ್ಲಿ ಬೆಸೆದಿದ್ದ ಪೈಪಿನ ತುಂಡುಗಳಿಗೆ ಬಿದಿರ ಗೂಟ ಇಳಿಸಿದರೆ ತಟ್ಟಿ ನಿಲ್ಲುತ್ತದೆ, ಎತ್ತಿದರೆ ಬರುತ್ತದೆ. ತಟ್ಟಿ ಇದ್ದರೆ ಐದು ಗೋಣಿಯಷ್ಟು ಎಲೆ, ತಟ್ಟಿ ತೆಗೆದರೆ ಗೊಬ್ಬರದ ಚಪ್ಪಟೆ ಹಾಸಿಗೆ. ಎಲೆಯ ರಾಶಿ ಎಷ್ಟು ಎತ್ತರವಿದ್ದರೂ ತೂಕ ಇಲ್ಲದ್ದರಿಂದ ಗಾಡಿ ತೊನೆಯುವುದಿಲ್ಲ. ಸಂದಿಯಲ್ಲಿ ತೂರುವಾಗ ಮಾತ್ರ ತಟ್ಟಿಯನ್ನು ಮೊದಲು ಒಳಕ್ಕೆ ದಾಟಿಸಬೇಕಿತ್ತು. ರೆಡ್ ಆಕ್ಸೈಡ್ ಬಳಿದು, ಮೇಲೆ ಹಸಿರು ಬಣ್ಣ ಹಚ್ಚಿ, ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಹೊಡೆದು, ಒಂದು ಉದ್ದ ಬಿದಿರ ಕಡ್ಡಿಗೆ ಕಿತ್ತಳೆ ಬಟ್ಟೆ ಕಟ್ಟಿದೆವು. ತಗ್ಗಾದ ಗಾಡಿ ಬಸ್ಸಿನವರ ಕಣ್ಣಿಗೆ ಬೀಳುವುದಿಲ್ಲ, ಬಾವುಟ ಬೀಳುತ್ತದೆ.

ನನ್ನ ಹೆಂಡತಿ ಮೊದಲ ಸಲ ಒಬ್ಬಳೇ ಹೋದದ್ದು ಕುಕ್ಕರಹಳ್ಳಿ ಕೆರೆಯ ಹತ್ತಿರದ ಒಂದು ಮನೆಗೆ, ಒಂದು ಮೂಟೆ ಗೊಬ್ಬರ ಮುಟ್ಟಿಸಲು. ಬಂದವಳು ಹೇಳಿದ್ದು, "ರೀ, ಹಿಂದೆ ಏನಿದೆ ಅಂತಲೇ ಗೊತ್ತಾಗಲ್ಲ. ನಿಲ್ಲಿಸೋಕೆ ಹೋದಾಗ ಮಾತ್ರ ನೆನಪು ಮಾಡುತ್ತೆ." ಇದಕ್ಕಿಂತ ಕರಾರುವಾಕ್ಕಾದ ವರದಿಯನ್ನು ಯಾವ ಪ್ರಯೋಗಶಾಲೆಯೂ ಕೊಡಲಾರದು. ಬಲತಿರುವಿನಲ್ಲಿ ಅಗಲಕ್ಕೆ ಹೋಗುವುದು, ಎಡತಿರುವಿನಲ್ಲಿ ಗಾಡಿಯ ಎಡಗಾಲಿ ಸೈಕಲ್ಲಿಗಿಂತ ಒಳಗೆ ಬಂದು ಫುಟ್‌ಪಾತಿನ ಕಲ್ಲಿಗೆ ತಾಗದಂತೆ ಒಂದಡಿ ಬಿಟ್ಟು ತಿರುಗುವುದು, ಹಂಪಿನ ಮುಂದೆ ತುಳಿಯುವುದು ನಿಲ್ಲಿಸುವುದು, ಎಲ್ಲವನ್ನೂ ಅವಳು ನನಗಿಂತ ಬೇಗ ಕಲಿತಳು. ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರು ಕಿತ್ತಳೆ ಬಾವುಟ ಕಂಡರೆ ಗುಡ್ಡೆಗೆ ಬೆಂಕಿ ಇಡದಂತೆ ಕಾಯುತ್ತಿದ್ದರು. ಅವರ ಕೆಲಸವೂ ಅದರಿಂದ ಹಗುರಾಗುತ್ತಿತ್ತು. ಹೊಗೆ ಮೊದಲು ಹೋಗುತ್ತಿದ್ದುದು ಅವರ ಎದೆಗೇ ಅಲ್ಲವೇ. ಎಲೆ ಸುಡುವುದು ತಪ್ಪು ಎಂದು ಬೋರ್ಡು ಬರೆಸುವವರು ಎಲೆ ಹೊರುವ ದಾರಿಯನ್ನೂ ತೋರಿಸಬೇಕು. ಈ ಮಾತನ್ನು ನಾನು ಅಂದಿನಿಂದ ಹೇಳುತ್ತಲೇ ಬಂದಿದ್ದೇನೆ.

ಗಾಡಿ ನೋಡಿದವರು ಕೇಳಿಕೊಂಡು ಬಂದು ಭಾಯಿಯ ಬಳಿ ಮಾಡಿಸಿಕೊಂಡರು. ಸೊಪ್ಪು ಮಾರುವ ಹುಡುಗನೊಬ್ಬ ಹಾಸಿಗೆಯನ್ನು ನಾಲ್ಕಡಿ ಉದ್ದ ಮಾಡಿಸಿದ. ಬೆಳಿಗ್ಗೆ ತುಂಬಿರುವ ಗಾಡಿ ಮಧ್ಯಾಹ್ನಕ್ಕೆ ಅರ್ಧ ಖಾಲಿ, ಸೊಪ್ಪು ಹಿಂದಿನಿಂದ ತೆಗೆಯುತ್ತಾ ಹೋದರೆ ಭಾರವೆಲ್ಲ ಮುಂದೆ ಉಳಿಯುತ್ತದೆ. ಭಾಯಿ ಅವನಿಗೆ ಆಕ್ಸಲ್ ಕಚ್ಚುಗಳನ್ನು ಮೂರು ಜಾಗದಲ್ಲಿ ಕೊಯ್ದು ಕೊಟ್ಟು, ಎಳೆಗೋಲನ್ನು ಕೈಯಲ್ಲಿ ಎತ್ತಿ ನೋಡುವ ಕ್ರಮ ಹೇಳಿಕೊಟ್ಟರು. ಅವರು ಅಂದು ಬಳಸಿದ್ದು ಅಪ್ಪನ ಮಾತನ್ನೇ, 'ಒಸಿ' ಎಂಬುದನ್ನು ಮಾತ್ರ ತಮ್ಮ ಭಾಷೆಯಲ್ಲಿ 'ಥೋಡಾ' ಎಂದು. ಅಪ್ಪ ಇದನ್ನು ಕೇಳಿ ಬಹಳ ಹೊತ್ತು ನಕ್ಕ. ಎರಡು ವರ್ಷದ ನಂತರ ಅವನು ತೀರಿಕೊಂಡ.

ಗಾಡಿ ಈಗಲೂ ಓಡುತ್ತಿದೆ. ಗಾಲಿ ಬದಲಾಗಿವೆ, ಹಾಸಿಗೆಯ ಪ್ಲೈವುಡ್ ಹೋಗಿ ಹಲಗೆ ಬಂದಿದೆ, ಟೈರಾಡ್ ಅದೇ. ಆದರೆ ಇಳಿಜಾರಿನ ಪ್ರಶ್ನೆಗೆ ನಾನಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಹರ್ಕ್ಯುಲಿಸ್ಸಿನ ಉಕ್ಕಿನ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕಿನ ರಬ್ಬರ್ ಜಾರುತ್ತದೆ, ಹಿಂದಿನ 55 ಕಿಲೋ ನೂಕುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಇಳಿಜಾರು ಬಂದರೆ ಇಳಿದು ನಡೆಸಿಕೊಂಡು ಹೋಗುತ್ತೇವೆ. ನಿವೃತ್ತಿಯಾದ ಮೇಲೆ ನಾನು ಭಾಯಿಯ ಮಗನ ಜೊತೆ ಕೂತು ಬರೆಯುತ್ತಿರುವ ಚಿತ್ರ ಇದಕ್ಕೆ ಸಂಬಂಧಿಸಿದ್ದು. ಎಳೆಗೋಲು ಈಗಾಗಲೇ ಪೈಪಿನೊಳಗಿನ ಪೈಪು. ತಿರುಗುವುದರ ಜೊತೆಗೆ ಅದು ಒಂದಿಂಚು ಹಿಂದೆ ಮುಂದೆ ಜಾರುವಂತೆ ಮಾಡಿ, ಒಳಗೆ ಗಟ್ಟಿ ಸ್ಪ್ರಿಂಗ್ ಇಟ್ಟರೆ, ಗಾಡಿ ಮುಂದಕ್ಕೆ ನೂಕಿದಾಗ ಸ್ಪ್ರಿಂಗ್ ಕುಗ್ಗುತ್ತದೆ. ಆ ಒಂದಿಂಚು ಜಾರಾಟಕ್ಕೆ ಎರಡು ಬ್ರೇಕ್ ಕೇಬಲ್ ಕಟ್ಟಿದರೆ, ಗಾಡಿ ನೂಕಿದಷ್ಟೂ ಗಾಡಿಯ ಗಾಲಿಗಳಿಗೇ ಬ್ರೇಕ್ ಬೀಳುತ್ತದೆ. ತುಳಿಯುವಾಗ ಗಾಡಿ ಹಿಂದಕ್ಕೇ ಜಗ್ಗುವುದರಿಂದ ಪೈಪು ತನ್ನ ಕೊನೆಗೆ ತಾಗಿಕೊಂಡೇ ಇರುತ್ತದೆ, ಸಡಿಲ ಗೊತ್ತಾಗುವುದಿಲ್ಲ. ತೊಡಕು ಇರುವುದು ಸಂದಿಯಿಂದ ಹಿಮ್ಮುಖ ತಳ್ಳುವಾಗ; ಅಲ್ಲಿಯೂ ನೂಕಿದಂತೆಯೇ ಆಗಿ ಬ್ರೇಕ್ ಹಿಡಿಯುತ್ತದೆ. ಅದನ್ನು ತಡೆಯಲು ಎಳೆಗೋಲಿನ ಮೇಲೆ ಕೈಯಿಂದ ಹಾಕುವ ಚಿಲಕವೊಂದು ಬೇಕು. ಬಾಗಿಲಿಗೆ ಹಾಕುವ ಆರಿಂಚಿನ ಚಿಲಕ ಸಾಕು ಎನ್ನುತ್ತಾನೆ ಅವನು. ಪೈಪು, ಸ್ಪ್ರಿಂಗು ತಂದಿಟ್ಟಿದ್ದೇವೆ. ಬರುವ ಮಳೆಗಾಲಕ್ಕೆ ಮುಂಚೆ ಕೂರಿಸುವುದೆಂದು ಮಾತಾಗಿದೆ.